ಎಳೆ ಎಣಿಸುವ ಅಜ್ಜಿ ತರಗತಿಗೆ ಬಂದರೆ

ನೀಲಗಿರಿಯ ತೋಡ ಬುಡಕಟ್ಟಿನ ಹೆಂಗಸು ಕಸೂತಿಗೆ ಕೂತಾಗ ಬಟ್ಟೆಯ ಮೇಲೆ ಮೊದಲು ಗೆರೆ ಎಳೆದುಕೊಳ್ಳುವುದಿಲ್ಲ. ಅಚ್ಚಿಲ್ಲ, ಪೆನ್ಸಿಲ್ ಗುರುತಿಲ್ಲ. ದಪ್ಪ ನೇಯ್ಗೆಯ ಬಿಳಿ ಹತ್ತಿಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡು ಎಳೆ ಎಣಿಸುತ್ತಾಳೆ. ಇಷ್ಟು ಎಳೆ ಬಿಟ್ಟು, ಇಷ್ಟನ್ನು ಎತ್ತಿ, ನಡುವೆ ಕೆಂಪು ದಾರವನ್ನೋ ಕಪ್ಪು ದಾರವನ್ನೋ ಹಾಯಿಸುತ್ತಾಳೆ. ಒಂದು ಎಳೆ ತಪ್ಪಿದರೆ ಇಡೀ ಸಾಲು ಕೆಡುತ್ತದೆ. ಹೀಗೆ ಎಣಿಸೆಣಿಸಿ ಮೂಡುವ ಪಟ್ಟೆಗಳೇ ಪೂತ್ಕುಳಿ ಎಂಬ ಹೊದಿಕೆಯ ಅಂದ. 2013ರಲ್ಲಿ ಈ ಕಸೂತಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು. ಊಟಿಯ ಅಂಗಡಿಗಳಲ್ಲಿ ಪ್ರವಾಸಿಗರು ಕೊಳ್ಳುವ ಶಾಲು, ಚೀಲಗಳ ಮೇಲೂ ಅದೇ ಲೆಕ್ಕವಿದೆ.

ಹೀಗೆ ಎಳೆ ಎಣಿಸುವ ಅಜ್ಜಿಯೊಬ್ಬಳ ಮೊಮ್ಮಗಳು ಇಳಿಜಾರಿನ ಕೆಳಗಿನ ಶಾಲೆಯಲ್ಲಿ ಮೂರನೆಯ ತರಗತಿಯಲ್ಲಿದ್ದಾಳೆ ಎಂದಿಟ್ಟುಕೊಳ್ಳಿ. ಅಲ್ಲಿ ಮಗ್ಗಿ ಬಾಯಿಪಾಠ ನಡೆದಿದೆ. ಗಣಿತ ಎಂದರೆ ಕರಿಹಲಗೆಯ ಮೇಲಿನದು, ಅಜ್ಜಿಯ ತೊಡೆಯ ಮೇಲಿನದು ಬರೀ ಹೊಲಿಗೆ ಎಂದು ಆ ಮಗುವಿಗೆ ಯಾರೂ ಬಾಯಿಬಿಟ್ಟು ಹೇಳಿಲ್ಲ. ಹೇಳುವ ಅಗತ್ಯವೂ ಇಲ್ಲ. ಅಜ್ಜಿ ಯಾವತ್ತೂ ಆ ಶಾಲೆಯ ಬಾಗಿಲು ದಾಟಿ ಒಳಗೆ ಬಂದಿಲ್ಲ ಎಂಬುದೇ ಅದನ್ನು ಹೇಳಿಬಿಟ್ಟಿದೆ.

ಕಲಾಸಂಸ್ಥೆಗಳು ಪ್ರಾಥಮಿಕ ಶಾಲೆಗಳ ಜೊತೆ ಹೇಗೆ ಕೆಲಸ ಮಾಡಬೇಕು ಎಂಬ ಚರ್ಚೆ ನಮ್ಮಲ್ಲಿ ಸಾಮಾನ್ಯವಾಗಿ ಪೇಟೆಯಿಂದ ಶಾಲೆಗೆ ಏನನ್ನು ಒಯ್ಯಬೇಕು ಎಂಬಲ್ಲಿಂದ ಶುರುವಾಗುತ್ತದೆ. ಬಣ್ಣ ಒಯ್ಯಬೇಕೆ, ನಾಟಕ ಒಯ್ಯಬೇಕೆ, ಸಂಗೀತದ ಮೇಷ್ಟರನ್ನು ಒಯ್ಯಬೇಕೆ? ನೀಲಗಿರಿಯಲ್ಲಿ ನಿಂತು ನೋಡಿದರೆ ಈ ಚರ್ಚೆ ತಲೆಕೆಳಗಾಗಿ ಕಾಣುತ್ತದೆ. ಇಲ್ಲಿ ಕಲೆ ಶಾಲೆಯ ಬೇಲಿಯಾಚೆ ಆಗಲೇ ಇದೆ. ಕಲಾಸಂಸ್ಥೆಯ ಮೊದಲ ಕೆಲಸ ಆ ಬೇಲಿಗೊಂದು ದಾರಿ ಮಾಡುವುದು.

ಎಷ್ಟು ಬಗೆಯ ಕಲೆ ಎಂದು ಸ್ವಲ್ಪ ನೋಡೋಣ. ವಿಶೇಷವಾಗಿ ದುರ್ಬಲರೆಂದು ಸರ್ಕಾರ ಗುರುತಿಸಿರುವ ಬುಡಕಟ್ಟುಗಳು ತಮಿಳುನಾಡಿನಲ್ಲಿ ಆರು: ತೋಡ, ಕೋತ, ಕುರುಂಬ, ಇರುಳ, ಪಣಿಯ, ಕಾಟ್ಟುನಾಯಕ. ಆರೂ ಈ ಪುಟ್ಟ ಜಿಲ್ಲೆಯಲ್ಲಿವೆ. ಮೇಲಿನ ಹುಲ್ಲುಗಾವಲಿನಲ್ಲಿ ತೋಡರ ಊರುಗಳಾದ ಮಂದುಗಳು. ಉದಕಮಂಡಲದ ಹೆಸರಿನೊಳಗೆ ಕೂತಿರುವ ಈ ‘ಮಂದು’ ನಮ್ಮ ‘ಮಂದೆ’ಯ ನೆಂಟ. ಬೆಟ್ಟದ ಸುತ್ತ ಕೋತರ ಏಳು ಊರುಗಳು, ಅಲ್ಲಿ ಕಮ್ಮಾರಿಕೆ, ಕುಂಬಾರಿಕೆ, ಊದುವಾದ್ಯ-ಡೋಲಿನ ಮೇಳ. ಗೂಡಲೂರಿನ ಕಡೆ ಇಳಿದರೆ ಪಣಿಯರ ತುಡಿ ಎಂಬ ಡೋಲಿನ ಸದ್ದು. ನಡುವೆ ನೂರಾರು ಹಟ್ಟಿಗಳಲ್ಲಿ ಬಡಗರು. ಅವರ ಮಾತು ಕನ್ನಡಕ್ಕೆ ಎಷ್ಟು ಹತ್ತಿರವೆಂದರೆ ಗುಂಡ್ಲುಪೇಟೆಯಿಂದ ಘಾಟಿ ಹತ್ತಿ ಬಂದವರಿಗೆ ಅರ್ಧ ಅಲ್ಲೇ ತಿಳಿಯುತ್ತದೆ. ತಮಿಳಿನಲ್ಲಿ ‘ಪಾಲ್’ ಆದದ್ದು ಅವರಲ್ಲಿಯೂ ಹಾಲೇ. ಮಸಿನಗುಡಿ, ತೆಪ್ಪಕಾಡಿನ ಕಾಟ್ಟುನಾಯಕರು ಮೋಯಾರು ನದಿಯ ಈಚೆ, ಕರ್ನಾಟಕದಲ್ಲಿ, ನಾವು ಜೇನು ಕುರುಬರೆಂದು ಕರೆಯುವವರ ಬಳಗ. ಬೆಟ್ಟ ಕುರುಂಬರೂ ಎರಡೂ ರಾಜ್ಯಗಳಲ್ಲಿದ್ದಾರೆ.

ಈ ಎಲ್ಲ ಮನೆಗಳಿಂದ ಹೊರಟ ಐದಾರು ವರ್ಷದ ಮಗು ಒಂದನೆಯ ತರಗತಿಗೆ ಬಂದು ಕೂರುತ್ತದೆ. ಅಲ್ಲಿ ಪಾಠ ತಮಿಳಿನಲ್ಲಿ. ಟೀಚರಿಗೆ ಮಗುವಿನ ಮನೆಮಾತು ಗೊತ್ತಿರುವುದಿಲ್ಲ, ಮಗುವಿಗೆ ಟೀಚರಿನ ಮಾತು ಗೊತ್ತಿಲ್ಲ. ಮೊದಲ ಕೆಲವು ತಿಂಗಳು ಇಂಥ ಮಗು ಸುಮ್ಮನಿರುತ್ತದೆ. ಆ ಮೌನವನ್ನು ದಡ್ಡತನವೆಂದು ಬರೆದುಕೊಂಡ ಶಾಲೆಗಳು ಮೋಯಾರಿನ ಎರಡೂ ದಡದಲ್ಲಿವೆ. ಇಲ್ಲಿ ಕಲೆಯನ್ನು ಸಂತೋಷಕ್ಕೆ, ಮನರಂಜನೆಗೆ ಎಂದು ಮಾತ್ರ ನೋಡುವುದು ನನಗೆ ಒಪ್ಪಿಗೆಯಿಲ್ಲ. ತಾಳ ಹಾಕಲು ತಮಿಳು ಬೇಕಿಲ್ಲ. ಮಣ್ಣು ಕಲಸಲು, ಆನೆಯ ಚಿತ್ರ ಬರೆಯಲು, ವೃತ್ತದಲ್ಲಿ ಹೆಜ್ಜೆ ಹಾಕಲು ಯಾವ ಲಿಪಿಯೂ ಬೇಕಿಲ್ಲ. ಮಗು ಬಾಯಿಬಿಡುವ ಮೊದಲೇ ತನಗೆ ಏನೋ ಗೊತ್ತಿದೆ ಎಂದು ಎಲ್ಲರ ಎದುರು ತೋರಿಸಬಹುದಾದ ಗಳಿಗೆ ಅದೊಂದೇ. ಆ ಗಳಿಗೆ ಸಿಕ್ಕ ಮಗು ಮರುದಿನ ಶಾಲೆಗೆ ಬರುತ್ತದೆ.

ಆದರೆ ನಾವು ಹೆಚ್ಚಾಗಿ ಕಾಣುವುದು ಒಂದು ದಿನದ ಶಿಬಿರ. ಬೆಳಿಗ್ಗೆ ಹತ್ತಕ್ಕೆ ವ್ಯಾನು ಬರುತ್ತದೆ. ಬ್ಯಾನರ್ ಕಟ್ಟುತ್ತಾರೆ. ಮಕ್ಕಳಿಗೆ ಕ್ರೇಯಾನ್ ಹಂಚುತ್ತಾರೆ, ಒಂದು ಹಾಡು ಹೇಳಿಕೊಡುತ್ತಾರೆ, ಮುಖಕ್ಕೆ ಹುಲಿಯ ಬಣ್ಣ ಬಳಿಯುತ್ತಾರೆ. ಮೂರು ಗಂಟೆಗೆ ಫೋಟೊ, ಬಿಸ್ಕತ್ತು, ವ್ಯಾನು ವಾಪಸು. ಬಂದವರ ಪ್ರೀತಿಯನ್ನು ನಾನು ಶಂಕಿಸುತ್ತಿಲ್ಲ. ಮಕ್ಕಳಿಗೂ ಆ ದಿನ ಹಬ್ಬವೇ. ಆದರೆ ಮರುದಿನ ಕ್ರೇಯಾನ್ ಡಬ್ಬಿ ಬೀರುವಿನೊಳಗೆ ಸೇರಿ ಬೀಗ ಬೀಳುತ್ತದೆ. ಟೀಚರು ಇಡೀ ದಿನ ಗೋಡೆಗೆ ಒರಗಿ ನಿಂತಿದ್ದರು, ಅವರ ಕೈಗೆ ಯಾರೂ ಏನನ್ನೂ ಕೊಡಲಿಲ್ಲ.

ಸರ್ಕಾರದ ಕಡೆಯಿಂದಲೂ ಪ್ರಯತ್ನವಿದೆ. ತಮಿಳುನಾಡು ಶಾಲಾ ಶಿಕ್ಷಣ ಇಲಾಖೆ 2022ರಿಂದ ‘ಕಲೈ ತಿರುವಿಳಾ’ ಎಂಬ ಕಲೋತ್ಸವ ನಡೆಸುತ್ತಿದೆ. ಸರ್ಕಾರಿ ಶಾಲೆಯ ಮಕ್ಕಳು ರಾಜ್ಯಮಟ್ಟದ ವೇದಿಕೆ ಹತ್ತುವುದು ಸಣ್ಣ ಮಾತಲ್ಲ. ಆದರೂ ಅದು ಸ್ಪರ್ಧೆ. ಸ್ಪರ್ಧೆಯಲ್ಲಿ ಚೆನ್ನಾಗಿ ಬರುವವರು ಮುಂದೆ ಹೋಗುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಆರು ವರ್ಷದ ಪಣಿಯ ಹುಡುಗನಿಗೆ ಬೇಕಾದದ್ದು ಬಹುಮಾನಕ್ಕಿಂತ ಮೊದಲು ವಾರಕ್ಕೆರಡು ಪಿರಿಯಡ್.

ಹಾಗಾದರೆ ಆಗಿರುವುದೇನಾದರೂ ಇದೆಯೆ ಎಂದು ಕೇಳಿದರೆ ಗೂಡಲೂರಿನ ‘ವಿದ್ಯೋದಯ’ದ ಕಡೆ ಬೊಟ್ಟು ಮಾಡುತ್ತೇನೆ. ಅದರ ಹಿನ್ನೆಲೆ ಕಲೆಯದ್ದಲ್ಲ, ನೆಲದ್ದು. 1980ರ ದಶಕದ ನಡುವೆ ಗೂಡಲೂರು ಕಣಿವೆಯಲ್ಲಿ ‘ಅಕಾರ್ಡ್’ ಸಂಸ್ಥೆ ಕೆಲಸ ಶುರುಮಾಡಿತು, ಅದರೊಂದಿಗೆ ‘ಆದಿವಾಸಿ ಮುನ್ನೇಟ್ರ ಸಂಗಮ್’ ಎಂಬ ಆದಿವಾಸಿಗಳದೇ ಸಂಘಟನೆ ಬೆಳೆಯಿತು. 1988ರ ಡಿಸೆಂಬರ್ 5ರಂದು ಸುಮಾರು 10,000 ಆದಿವಾಸಿಗಳು ಭೂಮಿಯ ಹಕ್ಕು ಕೇಳುತ್ತ ಗೂಡಲೂರಿನ ಬೀದಿಗಳಲ್ಲಿ ನಡೆದರು. ಸಂತೆಯ ದಿನ ರಸ್ತೆಯ ಅಂಚಿನಲ್ಲಿ ತಲೆ ತಗ್ಗಿಸಿ ಹೋಗುತ್ತಿದ್ದ ಜನ ಅವತ್ತು ರಸ್ತೆಯ ನಡುವೆ ನಡೆದರು. ಆ ಸಂಘಟನೆಯೇ ಮುಂದೆ ಆಸ್ಪತ್ರೆಯನ್ನೂ ಶಾಲೆಯನ್ನೂ ಕೇಳಿತು. ಬಿ. ರಾಮದಾಸ್ ಮತ್ತು ರಮಾ ದಂಪತಿ ಚಿಕ್ಕದಾಗಿ ನಡೆಸುತ್ತಿದ್ದ ಶಾಲೆ 1990ರ ದಶಕದ ನಡುವೆ ಆದಿವಾಸಿ ಮಕ್ಕಳ ಶಾಲೆಯಾಯಿತು.

ವಿದ್ಯೋದಯದ ವಿಶೇಷ ಇರುವುದು ಕಲಿಸುವವರಲ್ಲಿ. ಆದಿವಾಸಿ ಯುವಕ ಯುವತಿಯರನ್ನೇ ತರಬೇತು ಮಾಡಿ ಶಿಕ್ಷಕರಾಗಿಸಿದರು. ಪಣಿಯ, ಬೆಟ್ಟ ಕುರುಂಬ, ಕಾಟ್ಟುನಾಯಕ, ಮುಳ್ಳು ಕುರುಂಬ ಮಕ್ಕಳು ಒಂದೇ ಕೋಣೆಯಲ್ಲಿ ಕೂತಾಗ ಅವರ ಮನೆಯ ಹಾಡು, ಕುಣಿತ, ಕತೆ, ಕೈಕೆಲಸ ಪಾಠದ ಒಳಗೇ ಬಂದವು. ವಾರ್ಷಿಕೋತ್ಸವದ ದಿನಕ್ಕೆಂದು ಅವನ್ನು ಎತ್ತಿಡಲಿಲ್ಲ. ಪಣಿಯರು ಈ ಕಣಿವೆಯಲ್ಲಿ ತಲೆಮಾರುಗಟ್ಟಲೆ ಜೀತದಲ್ಲಿದ್ದವರು. ತಮ್ಮ ತುಡಿಯನ್ನು ಇತರರೆದುರು ಬಾರಿಸಲು ನಾಚುತ್ತಿದ್ದ ಸಮುದಾಯದ ಮಗುವಿಗೆ, ಅದೇ ತುಡಿ ತರಗತಿಯಲ್ಲಿ ತಾಳದ ಪಾಠವಾದಾಗ ಆಗುವ ಬದಲಾವಣೆ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಅದು ಮಗು ಬೆನ್ನು ನೆಟ್ಟಗೆ ಮಾಡಿ ಕೂರುವುದರಲ್ಲಿ ಕಾಣುತ್ತದೆ.

ಇನ್ನೊಂದು ಉದಾಹರಣೆ ಕೋತಗಿರಿಯ ‘ಕೀಸ್ಟೋನ್ ಫೌಂಡೇಶನ್’. ಅದೂ ಕಲಾಸಂಸ್ಥೆಯಲ್ಲ. ಜೇನು, ಕಾಡು, ನೀರು ಅದರ ಕ್ಷೇತ್ರ. ತೋಡ ಕಸೂತಿಯ ಜಿಐ ಅರ್ಜಿಯಲ್ಲಿ ತೋಡರ ಸಂಘ ಮತ್ತು ತಮಿಳುನಾಡು ಸರ್ಕಾರದ ಕರಕುಶಲ ನಿಗಮವಾದ ಪೂಂಪುಹಾರ್ ಜೊತೆ ಇದೂ ಇತ್ತು. ಊರ ಹಿರಿಯರು ಮಕ್ಕಳನ್ನು ಕಾಡಿಗೆ ಕರೆದೊಯ್ದು ಗಿಡಮರ, ಹಾದಿ, ಕತೆಗಳನ್ನು ದಾಟಿಸುವ ಕೆಲಸವನ್ನು ಅದು ನಡೆಸಿದೆ. ಕಲಾಸಂಸ್ಥೆಗಳು ಕಲಿಯಬೇಕಾದದ್ದು ಇಲ್ಲಿದೆ. ಕಲಿಸುವ ಜಾಗದಲ್ಲಿ ಹಿರಿಯರನ್ನು ಕೂರಿಸುವುದು, ತಾನು ಪಕ್ಕದಲ್ಲಿ ಬುತ್ತಿ ಹಿಡಿದು ನಡೆಯುವುದು.

ಈಗ ತರಗತಿಯೊಳಗೆ ಏನು ಮಾಡಬಹುದು ಎಂಬುದಕ್ಕೆ ಬರುತ್ತೇನೆ. ನನಗೆ ಬಹಳ ಇಷ್ಟವಾದ ವಿಷಯವಿದು, ಸ್ವಲ್ಪ ನಿಧಾನಿಸುತ್ತೇನೆ.

ಅಮೆರಿಕದ ಭಾಷಾವಿಜ್ಞಾನಿ ಎಂ.ಬಿ. ಎಮೆನೋ 1930ರ ದಶಕದಲ್ಲಿ ನೀಲಗಿರಿಗೆ ಬಂದು ತೋಡರ ಹಾಡುಗಳನ್ನು ಕೇಳಿ ಬರೆದುಕೊಂಡರು. ಆ ಸಂಗ್ರಹ 1971ರಲ್ಲಿ ದೊಡ್ಡ ಪುಸ್ತಕವಾಗಿ ಬಂತು. ಅವರು ಗುರುತಿಸಿದ ಎರಡು ಸಂಗತಿಗಳು ಶಾಲೆಗೆ ನೇರ ಬೇಕಾದವು. ಒಂದು, ತೋಡರಲ್ಲಿ ಹಾಡು ಕಟ್ಟುವುದು ಯಾರೋ ಒಬ್ಬ ಕವಿಯ ಗುತ್ತಿಗೆಯಲ್ಲ, ಸಂದರ್ಭ ಬಂದಾಗ ಯಾರು ಬೇಕಾದರೂ ಕಟ್ಟುತ್ತಾರೆ. ಇನ್ನೊಂದು, ಆ ಹಾಡುಗಳು ಜೋಡಿ ಜೋಡಿ ನುಡಿಗಳಲ್ಲಿ ನಡೆಯುತ್ತವೆ. ಒಂದು ಮಾತು ಹೇಳಿದರೆ ಅದಕ್ಕೆ ಸರಿಸಮನಾದ ಇನ್ನೊಂದು ಪಕ್ಕಕ್ಕೆ ಬಂದು ನಿಲ್ಲಬೇಕು, ಉಸಿರಿನ ಅಳತೆಯೂ ಹೊಂದಬೇಕು.

ಇದನ್ನು ನಾಲ್ಕನೆಯ ತರಗತಿಗೆ ಒಯ್ದು ನೋಡಿ. ನಿನ್ನೆ ರಾತ್ರಿ ಆನೆ ಬಂದು ಹಲಸಿನ ಮರ ಅಲ್ಲಾಡಿಸಿತು ಎಂದು ಒಬ್ಬ ಹೇಳುತ್ತಾನೆ. ಅದಕ್ಕೆ ಜೋಡಿ ಕಟ್ಟು ಎಂದು ಪಕ್ಕದವಳಿಗೆ ಹೇಳಬೇಕು. ಬೆಳಿಗ್ಗೆ ಮಳೆ ಬಂದು ಬಾಳೆಯ ಎಲೆ ಹರಿಯಿತು ಎನ್ನಬಹುದು. ಮನೆಮಾತಿನಲ್ಲಿ ಒಮ್ಮೆ, ತಮಿಳಿನಲ್ಲಿ ಒಮ್ಮೆ. ಮಸಿನಗುಡಿಯ ಹುಡುಗನಾದರೆ ಕನ್ನಡದಲ್ಲೂ ಒಮ್ಮೆ. ಕ್ರಿಯಾಪದ, ನಾಮಪದ, ಕಾಲಸೂಚಕ ಎಂದು ಪ್ರತ್ಯೇಕ ಪಾಠ ಮಾಡುವ ಮೊದಲೇ ಮಕ್ಕಳು ಅವನ್ನು ಎತ್ತಿ ಕೂರಿಸಿ ಆಡಿರುತ್ತಾರೆ. ತೋಡರ ಹಾಡನ್ನು ಕದ್ದು ಹಾಡಿಸಬೇಕಿಲ್ಲ. ಆ ಕಟ್ಟುವ ಕ್ರಮವನ್ನು ಅವರಿಂದ ಗೌರವದಿಂದ ಕಲಿತು, ಮಕ್ಕಳು ತಮ್ಮದೇ ಹಾಡು ಕಟ್ಟಿದರೆ ಸಾಕು.

ಕುರುಂಬರ ಚಿತ್ರಕಲೆ ಇನ್ನೊಂದು ದಾರಿ. ಕೋತಗಿರಿ ಬಳಿಯ ವೆಳ್ಳರಿಕೊಂಬೈಯಲ್ಲಿ ಹಳೆಯ ಬಂಡೆಚಿತ್ರಗಳಿವೆ. ಆಲು ಕುರುಂಬ ಕಲಾವಿದರು ಇಂದು ಕಾಗದದ ಮೇಲೆ, ಬಟ್ಟೆಯ ಮೇಲೆ ಬರೆಯುತ್ತಾರೆ: ಬಂಡೆಯಿಂದ ಹಗ್ಗ ಇಳಿಬಿಟ್ಟು ಜೇನು ಕೀಳುವವರು, ಕುಣಿಯುವವರು, ಕಾಡುಪ್ರಾಣಿಗಳು. ಹೊನ್ನೆಮರದ ಕೆಂಪು ಅಂಟು, ಎಲೆಯ ರಸ, ಮಣ್ಣು ಅವರ ಬಣ್ಣ. ಒಂದು ವಾರ ಇಷ್ಟೇ ಮಾಡಲಿ. ಮಕ್ಕಳು ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಕಾಗದಕ್ಕೆ ಉಜ್ಜಿದರೆ ಬಣ್ಣ ಬಿಡುವ ಎಲೆ, ಹೂ, ಮಣ್ಣು ಯಾವುವು ಎಂದು ಹುಡುಕಿ ತರಲಿ. ಯಾವುದು ಒಣಗಿದ ಮೇಲೆ ಬದಲಾಯಿತು, ಯಾವುದು ಬಿಸಿಲಿಗೆ ಮಾಸಿತು ಎಂದು ಬರೆದಿಡಲಿ. ಅದೇ ಪರಿಸರ ಪಾಠ, ಅದೇ ವಿಜ್ಞಾನ. ಹೊನ್ನೆಯ ತೊಗಟೆ ಕೆತ್ತುವ ಕೆಲಸ ಮಾತ್ರ ಹಿರಿಯರದೇ ಆಗಿರಬೇಕು. ಮಕ್ಕಳ ಕೈಗೆ ಕತ್ತಿ ಕೊಡುವುದೂ ಸಲ್ಲ, ಮರವನ್ನು ಗಾಯ ಮಾಡುವ ಅಳತೆ ಎಲ್ಲರಿಗೂ ಗೊತ್ತಿರುವುದೂ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕೋತರ ಮೇಳವನ್ನು ನೋಡಿ. ದೇವರಿಗೆ ಬಾರಿಸುವುದು ಬೇರೆ, ಕುಣಿತಕ್ಕೆ ಬೇರೆ, ಸಾವಿಗೆ ಬೇರೆ. ಸಾವಿನ ರಾಗವನ್ನು ಸುಮ್ಮನೆ ಎಲ್ಲೆಂದರಲ್ಲಿ ನುಡಿಸುವುದಿಲ್ಲ. ಸಂಗೀತ ವಿದ್ವಾಂಸ ರಿಚರ್ಡ್ ವುಲ್ಫ್ ಕೋತರ ಬಗ್ಗೆ 2005ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದರ ವಿವರಗಳಿವೆ. ಅದಕ್ಕಿಂತ ಸೂಕ್ಷ್ಮವಾದ ಮಾತು ಇನ್ನೊಂದಿದೆ. ಹಿಂದೆ ಕೋತರು ಬಡಗರ, ತೋಡರ ಸಮಾರಂಭಗಳಿಗೆ ಹೋಗಿ ಬಾರಿಸುತ್ತಿದ್ದರು. ಆ ಸೇವೆ ಕೀಳೆಂಬ ಭಾವನೆ ಅದಕ್ಕೆ ಅಂಟಿಕೊಂಡಿತ್ತು. ಕಳೆದ ಶತಮಾನದಲ್ಲಿ ಅವರು ಅದನ್ನು ಬಹುಮಟ್ಟಿಗೆ ಬಿಟ್ಟರು. ಅಂಥವರನ್ನು ‘ನಮ್ಮ ಶಾಲೆಯ ಸಮಾರಂಭಕ್ಕೆ ಬಂದು ಬಾರಿಸಿ’ ಎಂದು ಕರೆದರೆ ನಾವು ಕಲೆಗೆ ಗೌರವ ಕೊಟ್ಟೆವೆಂದುಕೊಳ್ಳುತ್ತೇವೆ, ಅವರಿಗೆ ಹಳೆಯ ಕೂಗು ಕೇಳಿಸುತ್ತದೆ. ‘ಬಂದು ಕಲಿಸಿ’ ಎನ್ನುವುದು ಬೇರೆ ಮಾತು. ಏನನ್ನು ಕಲಿಸಬಹುದು, ಏನನ್ನು ಕಲಿಸಬಾರದು ಎಂಬ ತೀರ್ಮಾನ ಅವರದ್ದೇ ಇರಬೇಕು. ಬೇಡ ಎಂದರೆ ಬೇಡ.

ಬಡಗ ಮಕ್ಕಳ ಬಗ್ಗೆ ಕನ್ನಡಿಗರಿಗೇ ಒಂದು ಮಾತು. ಅವರ ಹಾಡು ಕೇಳಿದಾಗ ‘ಇದು ನಮ್ಮ ಹಳಗನ್ನಡವೇ’ ಎಂದು ಖುಷಿಯಾಗುತ್ತದೆ. ಖುಷಿಪಡೋಣ. ಆದರೆ ತಿದ್ದಲು ಹೋಗಬಾರದು. ನೀಲಗಿರಿಯನ್ನು ತನ್ನ ‘ನಾಕುಬೆಟ್ಟ’ ಎನ್ನುವ ಮಗುವಿಗೆ ಅದು ‘ನಾಲ್ಕು ಬೆಟ್ಟ’ ಎಂದು ಹೇಳಿಕೊಡುವುದು ಕಲಿಸುವುದಲ್ಲ, ಕಸಿಯುವುದು.

ನಮ್ಮ ಕಡೆಯ ಅನುಭವವೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬಂಡೀಪುರ ದಾಟಿದರೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ. 1995ರಲ್ಲಿ ‘ನಲಿ-ಕಲಿ’ ಕಲಿಕಾ ಪದ್ಧತಿ ಹುಟ್ಟಿದ್ದು ಅದೇ ತಾಲ್ಲೂಕಿನಲ್ಲಿ. ಆಂಧ್ರದ ಋಷಿವ್ಯಾಲಿಯಲ್ಲಿ ನಡೆಯುತ್ತಿದ್ದ ಕೆಲಸವನ್ನು ನೋಡಿಬಂದ ಸರ್ಕಾರಿ ಶಾಲೆಯ ಶಿಕ್ಷಕರೇ ಕೂತು ಕಾರ್ಡುಗಳನ್ನೂ ಹಾಡುಗಳನ್ನೂ ಆಟಗಳನ್ನೂ ರೂಪಿಸಿದರು. ತಮಿಳುನಾಡಿನ ಚಟುವಟಿಕೆ ಆಧಾರಿತ ಕಲಿಕೆಗೂ ಬೇರು ಅದೇ ಋಷಿವ್ಯಾಲಿ. ಅಂದರೆ ಮೋಯಾರಿನ ಎರಡೂ ದಡದ ಶಿಕ್ಷಕರು ಒಂದೇ ಮನೆಯ ಕೂಸುಗಳು. ನಲಿ-ಕಲಿ ಬಾಳಿದ್ದು ಹೊರಗಿನವರು ಕೊಟ್ಟದ್ದರಿಂದಲ್ಲ, ಶಿಕ್ಷಕರು ಅದನ್ನು ತಮ್ಮದೆಂದುಕೊಂಡದ್ದರಿಂದ.

ಬೆಂಗಳೂರಿನ ‘ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್’ ಅದೇ ನಾಡಿಯನ್ನು ಹಿಡಿಯಿತು. 1993ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ‘ಕಲಿ-ಕಲಿಸು’ ಯೋಜನೆ ಕರ್ನಾಟಕದ ಸರ್ಕಾರಿ ಶಾಲೆಗಳನ್ನು ಗುರಿಯಾಗಿಟ್ಟುಕೊಂಡಿತು. ಅದರ ಧನಸಹಾಯ ಕಲಾವಿದರಿಗೂ ಸಿಗುತ್ತದೆ, ಶಾಲೆಯ ಶಿಕ್ಷಕರಿಗೂ ಸಿಗುತ್ತದೆ. ತಮ್ಮ ಊರಿನ ಕಲೆ, ಕತೆ, ಕಸುಬನ್ನು ಪಠ್ಯಕ್ಕೆ ಹೊಸೆಯುವ ಯೋಚನೆಯನ್ನು ಮೇಷ್ಟರೇ ಬರೆದು ಕಳಿಸಬಹುದು. ಹಣ ಸಣ್ಣದಿರಬಹುದು, ಆದರೆ ಗೋಡೆಗೆ ಒರಗಿ ನಿಂತ ಟೀಚರನ್ನು ನಡುಮನೆಗೆ ಕರೆದ ಹೆಜ್ಜೆ ಅದು. ನೀಲಗಿರಿಯಂಥ ಗಡಿಜಿಲ್ಲೆಗೆ ಇಂಥದೊಂದು ಯೋಜನೆ ಬೇಕು, ತಮಿಳಿನಲ್ಲಿ, ಅಲ್ಲಿನ ಮನೆಮಾತುಗಳಿಗೆ ಜಾಗ ಬಿಟ್ಟು.

ರಂಗಾಯಣದ ಚಿಣ್ಣರ ಮೇಳ ಮೈಸೂರಿನ ಮಕ್ಕಳಿಗೆ ಕೊಟ್ಟದ್ದು ಬಹಳ. ಆದರೆ ಅದು ಬೇಸಿಗೆ ರಜೆಯದ್ದು, ಮಗುವನ್ನು ಕಲೆಯ ಅಂಗಳಕ್ಕೆ ಕರೆತರಬಲ್ಲ ತಂದೆತಾಯಿ ಇರುವವರಿಗೆ. ಮಸಿನಗುಡಿಯ ಕೂಲಿಯ ಮಗುವಿಗೆ ಅಂಗಳವೇ ನಡೆದು ಬರಬೇಕು. ಎಷ್ಟು ದಿನಕ್ಕೆ? ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಟಲಿಯ ರೆಜ್ಜೊ ಎಮಿಲಿಯಾದಲ್ಲಿ ತಂದೆತಾಯಿಗಳೇ ಮುಂದಾಗಿ ಶಿಶುಶಾಲೆಗಳನ್ನು ಕಟ್ಟಿದರು. ಕಾಲಕ್ರಮದಲ್ಲಿ ಅಲ್ಲಿ ಕಲಾವಿದರೊಬ್ಬರು ಶಾಲೆಯ ಸಿಬ್ಬಂದಿಯಾಗಿಯೇ ಇರುವ ಪದ್ಧತಿ ಬೆಳೆಯಿತು. ಅತಿಥಿಯಾಗಿ ಬಂದು ಹೋಗುವುದಲ್ಲ, ದಿನವೂ ಇರುವುದು. ಇಂಗ್ಲೆಂಡಿನಲ್ಲಿ ಕಲಾವಿದರನ್ನೂ ಶಾಲೆಗಳನ್ನೂ ಜೊತೆಗೂಡಿಸಿದ ದೊಡ್ಡ ಸರ್ಕಾರಿ ಕಾರ್ಯಕ್ರಮವೊಂದು 2002ರಲ್ಲಿ ಶುರುವಾಗಿ 2011ರಲ್ಲಿ ಅನುದಾನ ನಿಂತಾಗ ಮುಗಿಯಿತು. ಹಣ ಹೋದ ಮೇಲೆ ಶಾಲೆಯಲ್ಲಿ ಉಳಿಯುವವರು ಟೀಚರು ಮತ್ತು ಊರಿನವರು ಮಾತ್ರ.

ಕೆಲಸಕ್ಕೆ ಇಳಿಯುವವರಿಗೆ ಬೆಟ್ಟದ ಕೆಲವು ನಿಜಗಳನ್ನೂ ಹೇಳಬೇಕು. ಶಾಲೆ ಜೂನ್‌ನಲ್ಲಿ ತೆರೆಯುತ್ತದೆ, ಅದೇ ಹೊತ್ತಿಗೆ ಗೂಡಲೂರಿನಲ್ಲಿ ಮುಂಗಾರು ಸುರಿಯಲು ಶುರು. ಮಣ್ಣಿನ ಕೆಲಸ, ಬಯಲಿನ ಕುಣಿತ ಆ ತಿಂಗಳುಗಳಿಗೆ ಆಗದು. ಕತೆ, ತಾಳ, ಎಳೆ ಎಣಿಸುವ ಕೆಲಸ ಆಗ. ಮೈಸೂರಿನಿಂದ ಬರುವ ಕಲಾವಿದರು ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುತ್ತದೆ ಎಂಬುದನ್ನು ಮರೆಯಬಾರದು. ಊಟಿಯಿಂದ ಮಸಿನಗುಡಿಗೆ ಇಳಿಯುವ ಕಲ್ಲಟ್ಟಿ ಘಾಟಿಯಲ್ಲಿ 36 ತಿರುವುಗಳು. ಸೀಗೂರು ಬಯಲು ಆನೆಗಳ ದಾರಿ. ಸಂಜೆ ತಾಲೀಮು ಇಟ್ಟುಕೊಂಡರೆ ಮಕ್ಕಳು ಕತ್ತಲಲ್ಲಿ ತಮ್ಮ ಹಾಡಿಗಳಿಗೆ ನಡೆಯಬೇಕಾಗುತ್ತದೆ. ಆದ್ದರಿಂದ ಎಲ್ಲವೂ ಶಾಲೆಯ ವೇಳೆಯೊಳಗೇ, ವೇಳಾಪಟ್ಟಿಯಲ್ಲಿ ಬರೆದ ಪಿರಿಯಡ್ಡಿನೊಳಗೇ ಮುಗಿಯಬೇಕು.

ಅನುಮತಿ ಕಾಗದಕ್ಕೆ ಬ್ಲಾಕ್ ಶಿಕ್ಷಣಾಧಿಕಾರಿಯ ಬಳಿ ಹೋಗಬೇಕು, ಬುಡಕಟ್ಟು ವಸತಿಶಾಲೆಯಾದರೆ ಬುಡಕಟ್ಟು ಕಲ್ಯಾಣ ಇಲಾಖೆಯ ಬಳಿ. ಆದರೆ ನಿಜವಾದ ಅನುಮತಿ ಕೊಡುವವರು ಬೇರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳು, ಅರ್ಧ ಪಾಲು ಹೆಂಗಸರು ಇರಬೇಕು. ನಮ್ಮ ಎಸ್‌ಡಿಎಂಸಿಯ ಹಾಗೆ. ಆ ಸಭೆಯಲ್ಲಿ ಕೂತು ಕೇಳಬೇಕು: ನಿಮ್ಮ ಹಾಡಿಯಲ್ಲಿ ಬುಟ್ಟಿ ಹೆಣೆಯುವವರು ಯಾರು, ಕತೆ ಹೇಳುವವರು ಯಾರು, ತುಡಿ ಬಿಗಿಯುವವರು ಯಾರು? ಪಟ್ಟಿ ಅಲ್ಲೇ ತಯಾರಾಗುತ್ತದೆ.

ಆಮೇಲೆ ಹಣ. ಇದನ್ನು ನಾಚದೆ ಹೇಳುತ್ತೇನೆ. ಅಜ್ಜಿ ಶಾಲೆಗೆ ಬಂದ ದಿನ ಎಸ್ಟೇಟಿನ ಕೂಲಿ ತಪ್ಪುತ್ತದೆ. ಅವಳ ಕಲೆಯನ್ನು ಹೊಗಳಿ, ಶಾಲು ಹೊದಿಸಿ, ಬರಿಗೈಲಿ ಕಳಿಸುವುದು ಅನ್ಯಾಯ. ಪೇಟೆಯಿಂದ ಬಂದ ನಾಟಕದ ಮೇಷ್ಟರಿಗೆ ದಿನಕ್ಕೆ ಎಷ್ಟು ಕೊಡುತ್ತೀರೋ ಅಷ್ಟೇ ಅವಳಿಗೂ ಕೊಡಬೇಕು. ಕೂಲಿಯ ಲೆಕ್ಕದಲ್ಲಲ್ಲ, ಕಲಿಸುವವರ ಲೆಕ್ಕದಲ್ಲಿ. ಸಂಸ್ಥೆಯ ಬಜೆಟ್ಟಿನಲ್ಲಿ ಬ್ಯಾನರಿಗೂ ಟಿ-ಶರ್ಟಿಗೂ ಇಟ್ಟ ಸಾಲನ್ನು ಹೊಡೆದು ಹಾಕಿದರೆ ಇದಕ್ಕೆ ಹಣ ಹುಟ್ಟುತ್ತದೆ.

ಮೊದಲ ಮೂರು ತಿಂಗಳು ಕಲಾವಿದರೂ ಅಜ್ಜಿಯೂ ಮುಂದೆ, ಟೀಚರು ಪಕ್ಕದಲ್ಲಿ. ನಡುವಿನ ತಿಂಗಳುಗಳಲ್ಲಿ ಮೂವರೂ ಒಟ್ಟಿಗೆ. ವರ್ಷದ ಕೊನೆಗೆ ಟೀಚರು ಮತ್ತು ಅಜ್ಜಿ ಮುಂದೆ, ಕಲಾವಿದರು ಬಾಗಿಲ ಬಳಿ ಬೆಂಚಿನ ಮೇಲೆ. ಎರಡನೆಯ ವರ್ಷ ತಿಂಗಳಿಗೊಮ್ಮೆ ಬಂದು ನೋಡಿಹೋದರೆ ಸಾಕು. ಹೋಗುವಾಗ ಬಿಟ್ಟುಹೋಗಬೇಕಾದದ್ದು ಕೆಲವು: ಮಕ್ಕಳ ಕೈಗೆಟಕುವ ಎತ್ತರದಲ್ಲಿ ಗೋಡೆಗೆ ತೂಗುಬಿಟ್ಟ ತುಡಿ, ಮಕ್ಕಳೇ ಕಟ್ಟಿದ ಜೋಡಿನುಡಿಗಳ ಕೈಬರಹದ ಪುಸ್ತಕ, ಬೀಗವಿಲ್ಲದ ಪೆಟ್ಟಿಗೆಯಲ್ಲಿ ದಾರ, ಸೂಜಿ, ಬಣ್ಣ. ಇನ್ನೊಂದು, ಹೆಡ್‌ಮಾಸ್ತರರ ಮೇಜಿನ ಮೇಲೆ ಶಿಕ್ಷಕರ ಹಾಜರಿ ಪುಸ್ತಕ. ಅದರಲ್ಲಿ ಬುಧವಾರ ಮತ್ತು ಶುಕ್ರವಾರದ ಸಾಲಿನಲ್ಲಿ ಅಜ್ಜಿಯ ಹೆಸರಿರಬೇಕು. ಸಹಿ ಬಾರದಿದ್ದರೆ ಹೆಬ್ಬೆಟ್ಟು. ಕೆಲವು ವಾರದ ನಂತರ ಮೊಮ್ಮಗಳು ಪಕ್ಕದಲ್ಲಿ ನಿಂತು ಅಕ್ಷರ ತೋರಿಸಿಕೊಡುತ್ತಾಳೆ, ಅಜ್ಜಿ ಎಳೆ ಎಣಿಸಿದ ಹಾಗೆ ಒಂದೊಂದೇ ಗೆರೆ ಎಣಿಸುತ್ತ ಬರೆಯುತ್ತಾಳೆ.